ಬ್ಯಾರನ್ನಿನಲ್ಲಿ ಒಣಗಿದ ಬಾಗಿಲುವಾಡ

ಹೆಂಗಸರಿಗೆ ಸ್ಟಿಕ್ಕರು, ಗಂಡಸರಿಗೆ ಮರ. ಹುಣಸೂರಿನ ಆ ಕಾರ್ಯಾಗಾರದಲ್ಲಿ ಮೊದಲ ದಿನವೇ ಹೀಗೆ ಪಾಲು ಮಾಡಿಟ್ಟಿದ್ದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇಲ್ಲವೆನ್ನುವಷ್ಟು ಸಲೀಸಾಗಿ ನಮ್ಮನ್ನು ಕಿಟಕಿ ಪಕ್ಕದ ಸಣ್ಣ ಯಂತ್ರದ ಮುಂದೆ ಕೂರಿಸಿದರು. ಕಂಪ್ಯೂಟರಿನಲ್ಲಿ ಅಕ್ಷರ ಬರೆದರೆ ಅದು ಅಂಟುಹಾಳೆಯಲ್ಲಿ ಕತ್ತರಿಸಿ ಕೊಡುತ್ತಿತ್ತು. ಆಟೋಗಳ ಹಿಂದೆ ಅಂಟಿಸುವ ‘ತಾಯಿಯ ಆಶೀರ್ವಾದ’ ನಾನೊಬ್ಬಳೇ ಎಷ್ಟು ಕತ್ತರಿಸಿದೆನೋ, ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಯಾವ ತಾಯಿಗೂ ಆಶೀರ್ವಾದ ಬಾಕಿ ಉಳಿದಿರಲಾರದು.

ಒಳಗಿನ ದೊಡ್ಡ ಕೋಣೆಯಲ್ಲಿ ಇನ್ನೊಂದು ಯಂತ್ರವಿತ್ತು. ಜೋಡಿ ಮಂಚದಷ್ಟು ದೊಡ್ಡ ಮೇಜು, ಅದರ ಮೇಲೆ ಅತ್ತಿಂದಿತ್ತ ಓಡುವ ಕಬ್ಬಿಣದ ಸೇತುವೆ, ಆ ಸೇತುವೆಗೆ ಕಚ್ಚಿಕೊಂಡು ಗಿರ್ರೆಂದು ತಿರುಗುವ ಒಂದು ಮೊನೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ಮರದಲ್ಲಿ ಕೊರೆಯುತ್ತಿತ್ತು. ಹೆಸರು ರೂಟರ್, ನಮ್ಮ ಬಾಯಲ್ಲಿ ರೂಟ್ರು. ಕಾರ್ಯಾಗಾರ ನಡೆಸುತ್ತಿದ್ದದ್ದು ಒಂದು ಟ್ರಸ್ಟು. ‘ಯಾರು ಬೇಕಾದರೂ ಬಂದು ಕಲಿಯಬಹುದು’ ಎಂದು ಹೊರಗೆ ಬೋರ್ಡು ಹಾಕಿದ್ದರು. ಆ ಬೋರ್ಡಿನ ಅಕ್ಷರ ಕತ್ತರಿಸಿದ್ದೂ ನಾವೇ. ಒಂದು ದಿನ ನಾನು ಸೀದಾ ಮ್ಯಾನೇಜರ ಹತ್ತಿರ ಹೋಗಿ, ರೂಟ್ರು ಕಲಿಸಿ ಅಂದೆ.

“ಅದರ ಸದ್ದಿಗೇ ಹೆದರ್ಕೋತೀರ ಕಣಮ್ಮ. ಸೀರೆ ಸೆರಗು ಸಿಕ್ಕಾಕೊಂಡ್ರೆ ಯಾರು ಜವಾಬ್ದಾರಿ?” ಎಂದರು.

ಮಾರನೇ ದಿನ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ನನ್ನ ಗಂಡನ ತುಂಬುತೋಳಿನ ಶರಟು ಹಾಕಿಕೊಂಡು, ಗುಂಡಿ ಕತ್ತಿನವರೆಗೆ ಹಾಕಿ ಅವರ ಮೇಜಿನ ಮುಂದೆ ನಿಂತೆ. “ಸೆರಗು ಕಾಣ್ತಾ ಇಲ್ಲ ಸಾರ್. ಇನ್ನೇನಾದ್ರೂ ಇದ್ಯಾ?”

ಕಲಿಸುವ ಮೇಷ್ಟ್ರು ಮೈಸೂರಿನ ಹುಡುಗ, ಈಗಷ್ಟೇ ಇಂಜಿನಿಯರಿಂಗ್ ಮುಗಿಸಿ ಬಂದವನು. ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅವನು ನಕ್ಕುಬಿಟ್ಟ. ಮ್ಯಾನೇಜರ್ ನಗಲಿಲ್ಲ, ಹೋಗಿ ಎಂದು ಒಳಕೋಣೆಯತ್ತ ಕೈ ತೋರಿಸಿದರು. ಹೀಗೆ ನಾನು ಮರದ ಕೋಣೆಗೆ ಹೋದೆ.

ರೂಟ್ರು ಕಲಿಯುವುದೆಂದರೆ ಮುಖ್ಯವಾಗಿ ಸೊನ್ನೆ ಹಿಡಿಯುವುದನ್ನು ಕಲಿಯುವುದು. ಎಲ್ಲಿಂದ ಶುರು ಎಂಬುದು ಯಂತ್ರಕ್ಕೆ ತಾನಾಗಿ ಗೊತ್ತಿರುವುದಿಲ್ಲ. ಉದ್ದಕ್ಕೆ ಒಂದು ಸೊನ್ನೆ, ಅಗಲಕ್ಕೆ ಒಂದು, ಎತ್ತರಕ್ಕೆ ಒಂದು. ಮೂರನ್ನೂ ನಾವೇ ಹೇಳಿಕೊಡಬೇಕು. ಎತ್ತರದ್ದು ಬಲು ನಾಜೂಕು. ಮರದ ಮೇಲೆ ಒಂದು ತುಂಡು ಕಾಗದ ಇಟ್ಟು, ಮೊನೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತ, ಇನ್ನೊಂದು ಕೈಯಲ್ಲಿ ಕಾಗದವನ್ನು ಆಡಿಸುತ್ತಿರಬೇಕು. ಕಾಗದ ತಡೆದಂತಾಯಿತೋ, ಅದೇ ಸೊನ್ನೆ. ಒಂದಿಷ್ಟು ಹೆಚ್ಚು ಇಳಿದರೆ ಮೊನೆ ಮುರಿಯುತ್ತದೆ. ನಾನು ಎರಡು ಮೊನೆ ಮುರಿದೆ. ನನಗಿಂತ ಮೊದಲು ಕಲಿತ ಗಂಡುಮಕ್ಕಳು ಇನ್ನೂ ಹೆಚ್ಚು ಮುರಿದಿದ್ದರು, ಆದರೆ ಮ್ಯಾನೇಜರ್ ಎಲ್ಲರೆದುರು ಹೇಳುತ್ತಿದ್ದದ್ದು ನನ್ನ ಎರಡರ ಕಥೆಯನ್ನೇ. ಹೇಳಿಕೊಳ್ಳಲಿ ಎಂದು ಬಿಟ್ಟೆ.

ಆಗ ಬಂತು ಬಾಗಿಲುವಾಡದ ಕೆಲಸ. ರಾವಂದೂರು ಕಡೆಯ ರೈತರೊಬ್ಬರು ಹೊಸ ಮನೆ ಕಟ್ಟುತ್ತಿದ್ದರು. ಅವರ ಹೊಲದ ಬದುವಿನ ಹಲಸಿನ ಮರ ಗಾಳಿಗೆ ಉರುಳಿತ್ತು. ಅದನ್ನು ಹುಣಸೂರಿನ ಸಾ ಮಿಲ್ಲಿನಲ್ಲಿ ಕೊಯ್ಯಿಸಿ, ಮುಂಬಾಗಿಲ ವಾಡ ಅದೇ ಮರದಿಂದ ಆಗಬೇಕೆಂದು ಬಂದಿದ್ದರು. ಎರಡು ನಿಲುವು, ಕೆಳಗೆ ಹೊಸ್ತಿಲು, ಮೇಲೆ ಅಡ್ಡಪಟ್ಟಿ. ಅಡ್ಡಪಟ್ಟಿಯ ಮೇಲೆ ಮಾವಿನೆಲೆಯ ಸಾಲು, ನಡುವೆ ಎದುರುಬದುರು ಎರಡು ಗಿಣಿ. ಈ ನಾಲ್ಕು ತುಂಡಿಗೆ ಬೇಕಾದಷ್ಟು ಮರ, ಜೊತೆಗೆ ನಿಲುವಿನಷ್ಟೇ ಉದ್ದದ ಇನ್ನೊಂದೇ ಒಂದು ತುಂಡು ಇತ್ತು. ಗಂಡಸರ ಬ್ಯಾಚು ಯಾವುದೋ ಶಾಲೆಯ ಬೆಂಚುಗಳಲ್ಲಿ ಮುಳುಗಿತ್ತು. ಮ್ಯಾನೇಜರ್ ಆ ರೈತರನ್ನು ವಾಪಸು ಕಳಿಸುವವರಿದ್ದರು. ನಾನು ಮಾಡುತ್ತೇನೆ ಎಂದೆ.

“ಮುಂಬಾಗ್ಲು ಕಣಮ್ಮ ಅದು. ಮಣೆ ಅಲ್ಲ, ಸ್ಟೂಲ್ ಅಲ್ಲ. ಕೆಟ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ.”

“ಕೆಟ್ರೆ ತಾನೆ?”

ಅವರು ಕಿಟಕಿ ಪಕ್ಕದ ಹೆಂಗಸರ ಕಡೆ ಒಮ್ಮೆ ನೋಡಿದರು. ಕೊನೆಗೆ ಹೇಳಿದರು: “ಸರಿ. ಇದು ಸರಿಯಾಗಿ ಬಂದ್ರೆ ಹೆಂಗಸರ ಬ್ಯಾಚಿಗೆ ಪೂರ್ತಿ ರೂಟರ್ ಕಲಿಸೋಣ. ಕೆಟ್ರೆ ನೀವೂ ಅವರ ಜೊತೆ ಸ್ಟಿಕ್ಕರ್‌ಗೇ ವಾಪಸ್. ಆಮೇಲೆ ಯಾರೂ ನನ್ನ ತಲೆ ತಿನ್ನಬಾರದು.” ಹೊರಗೆ ಕಿಟಕಿ ಪಕ್ಕ ಕೂತಿದ್ದ ಹೆಂಗಸರೆಲ್ಲ ಇದನ್ನು ಕೇಳಿಸಿಕೊಂಡರು. ಕೆ.ಆರ್. ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ಟೈಲರ್ ಒಬ್ಬಳು, “ಅಕ್ಕಾ, ನಮ್ ಮರ್ಯಾದೆ ನಿನ್ ಕೈಲೈತೆ ಕಣಕ್ಕ” ಎಂದಳು. ಅವಳು ತಮಾಷೆಗೆ ಹೇಳಿದ್ದು, ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಮೊದಲ ಅಡ್ಡಿ ಮರದಲ್ಲೇ ಇತ್ತು. ಮೇಷ್ಟ್ರು ಎರಡು ಸೂಜಿ ಇರುವ ಒಂದು ಸಣ್ಣ ಮೀಟರನ್ನು ನಿಲುವಿಗೆ ಚುಚ್ಚಿ ತೇವ ಅಳೆದ. ಬೇಕಾದ್ದಕ್ಕಿಂತ ದುಪ್ಪಟ್ಟು ತೋರಿಸಿತು. ಹಸಿಯಲ್ಲೇ ಕೊರೆದರೆ ಗೋಡೆಯಲ್ಲಿ ಕೂತ ಮೇಲೆ ಮರ ಸೊಟ್ಟಗಾಗುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. “ಈ ದಪ್ಪಕ್ಕೆ ಇನ್ನೂ ಆರು ತಿಂಗಳು ನೆರಳಲ್ಲಿ ಒಣಗಬೇಕು ಅಕ್ಕಾ” ಎಂದ. ಮನೆ ಯಜಮಾನರಾದ ಆ ರೈತರು ಬಾಗಿಲು ಇಡುವ ಮುಹೂರ್ತವನ್ನು ಯುಗಾದಿ ಕಳೆದ ಮೇಲಕ್ಕೆ ಗೊತ್ತುಮಾಡಿದ್ದರು. ಎರಡು ತಿಂಗಳೂ ಇರಲಿಲ್ಲ.

ಅಲ್ಲಿ ನನ್ನ ನಾಲಿಗೆ ಮುಂದೆ ಹೋಯಿತು. ನಮ್ಮದು ಹನಗೋಡಿನ ಹತ್ತಿರದ ಹಳ್ಳಿ, ಬೆಳೆ ಹೊಗೆಸೊಪ್ಪು. ಸೊಪ್ಪು ಹದ ಮಾಡುವ ಬ್ಯಾರನ್ ಪ್ರತಿ ಮನೆಯ ಪಕ್ಕದಲ್ಲೂ ಇದೆ: ಕಿಟಕಿಯಿಲ್ಲದ ಎತ್ತರದ ಕೋಣೆ, ನೆಲದ ಮೇಲೆ ಸುತ್ತಲೂ ತಗಡಿನ ಕೊಳವೆ, ಹೊರಗಿನಿಂದ ಉರಿ ಹಾಕುವ ಒಲೆಬಾಯಿ, ಕೆಳಗೂ ಮೇಲೂ ಗಾಳಿಕಿಂಡಿ. ಕೋಲಿಗೆ ಕಟ್ಟಿದ ಹಸಿ ಸೊಪ್ಪು ಅದರೊಳಗೆ ಹೋಗಿ ವಾರದೊಳಗೆ ಬಂಗಾರದ ಬಣ್ಣಕ್ಕೆ ಬರುತ್ತದೆ. ಮಾವನಿಗೆ ಮಂಡಿ ಹಿಡಿದುಕೊಂಡ ಮೇಲೆ ನಮ್ಮ ಬ್ಯಾರನ್ನಿನ ಉರಿ ನೋಡುತ್ತಿದ್ದವಳು ನಾನೇ. ಸೊಪ್ಪಿನ ಕಾಲ ಮುಗಿದು ಬ್ಯಾರನ್ ಖಾಲಿ ಬಿದ್ದಿತ್ತು.

“ಆರು ತಿಂಗಳಾ? ನಮ್ಮ ಬ್ಯಾರನ್ನಿಗೆ ಹಾಕಿ ಸಾರ್. ಸೊಪ್ಪಿನ ದಂಟೇ ಒಣಗುತ್ತೆ, ಮರ ಒಣಗಲ್ವಾ?”

ಒಂದೇ ತುಂಡು ಹಾಕಿ ನೋಡೋಣ ಎಂದ ಮೇಷ್ಟ್ರು. ಆ ಹುಡುಗನ ಆ ಒಂದು ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ನನ್ನ ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದರು. ಒಂದು ನಿಲುವನ್ನು ಅದರಲ್ಲಿ ಹಾಕಿಕೊಂಡು ಊರಿಗೆ ತಂದೆವು. ದಂಟು ಒಣಗಿಸುವಾಗ ಕೊಡುವ ಉರಿಯನ್ನೇ ಕೊಟ್ಟೆ. ಬಾಗಿಲ ಗಾಜಿನ ಹಿಂದಿನ ಥರ್ಮಾಮೀಟರ್ ನೂರಾ ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಬಂದು ನಿಂತಿತು. ದಂಟು ಎಂದರೆ ಸೊಪ್ಪಿನಲ್ಲಿ ಅತಿ ಗಟ್ಟಿ ಭಾಗ, ಮರ ಅದಕ್ಕಿಂತ ಗಟ್ಟಿ, ಹಾಗಾದರೆ ಉರಿ ಇಷ್ಟಾದರೂ ಬೇಕು ಎಂದು ನನ್ನ ಲೆಕ್ಕ. ಸೊಪ್ಪು ಬೆಳೆಯುವವರ ತಲೆಗೆ ಮಾತ್ರ ಹೊಳೆಯಬಹುದಾದ ಲೆಕ್ಕ ಅದು.

ಒಳಗೆ ಪಟ್ ಪಟ್ ಎಂದು ಸದ್ದಾಗುತ್ತಿತ್ತು. ಒಣಗುತ್ತಿದೆ ಎಂದುಕೊಂಡೆ. ಬಾಗಿಲು ತೆಗೆದು ನೋಡಿದರೆ ನಿಲುವಿನ ಎರಡು ತುದಿಯಲ್ಲೂ ಬೆರಳು ಹೋಗುವಷ್ಟು ಸೀಳು. ನೆಲದ ಮೇಲಿಟ್ಟರೆ ಮೂರು ಮೂಲೆ ನೆಲಕ್ಕೆ, ನಾಲ್ಕನೆಯದು ಗಾಳಿಯಲ್ಲಿ. ಮಾವ ಕೋಲೂರಿಕೊಂಡು ಬಂದು ನೋಡಿ, “ಏನವ್ವ, ಬಾಗ್ಲುನ್ನ ಬೀಡಿ ಮಾಡ್ಬುಟ್ಯಾ?” ಎಂದರು. ನನಗೆ ಅಳು ಬಂತು. ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಅದೇ ನಿಲುವನ್ನು ಆಟೋಗೆ ಹಾಕಿಸಿಕೊಂಡು ಹುಣಸೂರಿಗೆ ಹೋದೆ. ಬಚ್ಚಿಡುವಂಥ ಗಾತ್ರವೇನೂ ಅದಲ್ಲ.

ಮ್ಯಾನೇಜರ್ ಬಗ್ಗಿ ಸೀಳಿನೊಳಗೆ ಇಣುಕಿ ನೋಡಿದರು. “ಮುಗೀತಲ್ಲ? ಯಜಮಾನರಿಗೆ ನಾನೇ ಹೇಳ್ತೀನಿ, ಮರ ತಗೊಂಡು ಹೋಗಿ ಅಂತ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು. ಸಿಟ್ಟು ಮಾಡಿದ್ದರೆ ಬಹುಶಃ ನಾನು ತಲೆ ತಗ್ಗಿಸಿ ಹೊರಟುಬಿಡುತ್ತಿದ್ದೆ. ಆ ಸಮಾಧಾನ ನನ್ನನ್ನು ಕೆರಳಿಸಿತು. “ಇನ್ನೂ ನಾಲ್ಕು ತುಂಡು ಇದೆ ಸಾರ್. ಬಾಗಿಲುವಾಡಕ್ಕೆ ಬೇಕಾದ್ದು ನಾಲ್ಕೇ” ಎಂದೆ.

ಏನಾಯಿತೆಂದು ಮೇಷ್ಟ್ರು ಒಂದು ಕಾಗದದ ಮೇಲೆ ಬರೆದು ತೋರಿಸಿದ. ಹೊರಗಿನ ಪದರ ಬೇಗ ಒಣಗಿ ಕುಗ್ಗಿದೆ, ಒಳಗಿನದು ಹಸಿಯಾಗಿಯೇ ಇದೆ. ಕುಗ್ಗಲು ಜಾಗವಿಲ್ಲದೆ ಹೊರಗಿನದು ಸೀಳಿದೆ. ನಾನು ಕೇಳುತ್ತ ಕೇಳುತ್ತ ಹಣೆ ಚಚ್ಚಿಕೊಂಡೆ. ಅಯ್ಯೋ, ಇದು ನನಗೆ ಗೊತ್ತಿರುವುದೇ ಅಲ್ಲವೇ! ಹಸಿ ಸೊಪ್ಪಿಗೆ ಮೊದಲ ದಿನವೇ ಜೋರು ಉರಿ ಕೊಟ್ಟರೆ ಮೇಲೆ ಗರಿಗರಿ ಒಣಗಿ ಹಸಿರು ಹಾಗೇ ಕೂತುಬಿಡುತ್ತದೆ. ಅದಕ್ಕೇ ಮೊದಲು ಬೆಚ್ಚಗೆ ಇಡಬೇಕು, ಕಿಂಡಿ ಮುಚ್ಚಿರಬೇಕು, ನೆಲಕ್ಕೆ ನೀರು ಚಿಮುಕಿಸಿ ಒಳಗೆ ಹಬೆ ಇರುವಂತೆ ನೋಡಿಕೊಳ್ಳಬೇಕು. ಸೊಪ್ಪು ಹಳದಿಗೆ ತಿರುಗಿದ ಮೇಲಷ್ಟೇ ಉರಿ ಏರಿಸುವುದು. ಮದುವೆಗೆ ಮೊದಲಿಂದ ಬಲ್ಲ ಕೆಲಸ, ಮರ ಎಂದ ಕೂಡಲೇ ಮರೆತುಬಿಟ್ಟಿದ್ದೆ. ಮರಕ್ಕೆ ಹಳದಿ ತಿರುಗಿಸುವ ಕಾಲವನ್ನೇ ಕೊಡದೆ ನೇರ ದಂಟಿನ ಉರಿಗೆ ದೂಡಿದ್ದೆ.

“ಮತ್ತೆ ಬ್ಯಾರನ್ನಿಗೇ ಹಾಕ್ತೀನಿ” ಎಂದೆ.

ಕೋಣೆಯಲ್ಲಿದ್ದ ಗಂಡುಮಕ್ಕಳು ನಕ್ಕರು. ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ತಲೆ ಕೆಟ್ಟಿದ್ಯಾ ನಿಮಗೆ? ಒಂದು ಹಾಳು ಮಾಡಿದ್ದು ಸಾಲದಾ? ಇದೂ ಹೋದ್ರೆ ಆ ಮರ ಎಲ್ಲಿಂದ ತರ್ತೀರ?”

“ತರೋಕಾಗಲ್ಲ, ಗೊತ್ತು. ಹೋದ್ರೆ ನಾನೇ ರಾವಂದೂರಿಗೆ ಹೋಗಿ ಅವರ ಮುಂದೆ ನಿಂತು ಹೇಳ್ತೀನಿ. ಇಲ್ಲಿ ನೀವು ಹೇಳ್ದಂಗೆ ಸ್ಟಿಕ್ಕರ್ ಕತ್ತರಿಸ್ಕೊಂಡು ಇರ್ತೀನಿ. ಆದ್ರೆ ಇವತ್ತೇ ಬಿಟ್ಟು ಹೋಗಲ್ಲ.”

ಅವರು ಮೇಷ್ಟ್ರ ಮುಖ ನೋಡಿದರು. ನನ್ನ ದುಡುಕು ಕಂಡಿದ್ದ ಹುಡುಗ, ಆದರೂ ಹೇಳಿದ: “ನಿಧಾನವಾಗಿ ಕೊಟ್ರೆ ಆಗುತ್ತೆ ಸಾರ್. ದೊಡ್ಡ ಮಿಲ್ಲುಗಳಲ್ಲಿ ಮಾಡೋದೂ ಇದನ್ನೇ.” ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಮತ್ತೆ ಕೂತರು. ನಾನು ಅದನ್ನು ಹೂಂ ಎಂದೇ ಹಿಡಿದೆ.

ಈ ಸಲ ತುದಿಗಳಿಂದ ತೇವ ಹಾರಿಹೋಗದಂತೆ ಅವಕ್ಕೆ, ಕಾರ್ಯಾಗಾರದಲ್ಲಿ ಉಳಿದಿದ್ದ ಎಣ್ಣೆಬಣ್ಣವನ್ನು ಎರಡು ಕೋಟು ಬಳಿದೆವು. ಬ್ಯಾರನ್ನಿನೊಳಗೆ ಸೊಪ್ಪು ಕಟ್ಟುವ ಕೋಲುಗಳನ್ನು ಸಮ ಅಂತರದಲ್ಲಿ ಜೋಡಿಸಿ, ಅದರ ಮೇಲೆ ಮರ, ಮತ್ತೆ ಕೋಲು, ಮತ್ತೆ ಮರ. ಮೇಲೆ ತಿರುಚಿಕೊಳ್ಳದಂತೆ ಚಪ್ಪಡಿ ಕಲ್ಲು ಹೇರಿದೆ. ಕೊಳವೆಗಳ ನಡುವೆ ನೆನೆಸಿದ ಗೋಣಿಚೀಲ ಹಾಸಿದೆ. ಉರಿ ನೂರರ ಆಸುಪಾಸಿನಲ್ಲೇ ನಿಲ್ಲಬೇಕು, ಅದಕ್ಕೆ ಸೌದೆ ಹಾಕಲಿಲ್ಲ, ಸೊಪ್ಪು ಬಿಡಿಸಿದ ಗಿಡದ ಒಣ ಕಡ್ಡಿಯನ್ನೇ ಸ್ವಲ್ಪ ಸ್ವಲ್ಪ ಹಾಕಿದೆ. ಜೋರು ಉರಿ ಹಾಕುವುದು ಸುಲಭ. ಕಡಿಮೆ ಉರಿಯನ್ನು ಕಡಿಮೆಯಾಗಿಯೇ ಇಡುವುದಿದೆಯಲ್ಲ, ಅದು ಪ್ರಾಣ ಹಿಂಡುತ್ತದೆ. ನಾನು ಕಾರ್ಯಾಗಾರಕ್ಕೆ ಹೋದ ಹೊತ್ತಿನಲ್ಲಿ ಮಂಡಿನೋವಿನ ಮಾವನೇ ಒಲೆಬಾಯಿಯ ಮುಂದೆ ಗೋಣಿ ಹಾಸಿಕೊಂಡು ಕೂರುತ್ತಿದ್ದರು. “ಬೀಡಿ ಅಂತ ಅಂದೆ, ತೆಪ್ಪಾಯ್ತು ಬುಡವ್ವ. ನಾ ನೋಡ್ಕತೀನಿ, ಓಗು” ಎನ್ನುತ್ತಿದ್ದರು.

ಒಣಗಿದ್ದು ತಿಳಿಯಲು ಮೇಷ್ಟ್ರು ಒಂದು ಉಪಾಯ ಹೇಳಿಕೊಟ್ಟಿದ್ದ. ಅದೇ ಮರದ ಹೆಚ್ಚುವರಿ ತುದಿಯಿಂದ ಕೊಯ್ದ ಸಣ್ಣ ಕೊರಡೊಂದರ ಎರಡು ಕೊನೆಗೂ ಬಣ್ಣ ಬಳಿದು ಜೊತೆಗೇ ಇಡುವುದು, ಆಗಾಗ ತೂಗುವುದು. ಸೊಪ್ಪಿನ ಬೇಲು ತೂಗುವ ತಕ್ಕಡಿ ಇಷ್ಟು ಸಣ್ಣದಕ್ಕೆ ಬಾರದು. ಊರಿನ ಅಂಗಡಿಯ ತಕ್ಕಡಿಗೆ ಒಯ್ಯುತ್ತಿದ್ದೆ. ಬೆಲ್ಲ ತೂಗುವ ತಟ್ಟೆಯಲ್ಲಿ ಮರದ ಕೊರಡು ಇಡುವವಳನ್ನು ನೋಡಿ ಅಂಗಡಿಯವನು, “ಇವತ್ತೆಷ್ಟ್ ಸಣ್ಣಗಾಗದೆ ನಿಮ್ ಮಗ?” ಎನ್ನುತ್ತಿದ್ದ. ತೂಕ ಇಳಿಯುತ್ತ ಹೋದಂತೆ ಗೋಣಿ ತೆಗೆದೆ, ಮೇಲಿನ ಕಿಂಡಿ ಬೆರಳಷ್ಟು ತೆರೆದೆ, ಉರಿ ಅಷ್ಟಷ್ಟೇ ಏರಿಸಿದೆ. ಒಂದು ದಿನ ಕೊರಡಿನ ತೂಕ ಹಿಂದಿನ ಸಲದಷ್ಟೇ ಬಂತು. ಅದರ ಮರುದಿನವೂ ಅಷ್ಟೇ. ಒಲೆ ಆರಿಸಿ, ಬ್ಯಾರನ್ ತಾನಾಗಿ ತಣ್ಣಗಾಗುವವರೆಗೆ ಬಾಗಿಲು ಮುಟ್ಟಲಿಲ್ಲ. ತೆಗೆದಾಗ ನಾಲ್ಕೂ ತುಂಡು ನೂಲು ಹಿಡಿದಂತೆ ನೇರವಾಗಿದ್ದವು. ಹಲಸಿನ ಹಳದಿ ಇನ್ನಷ್ಟು ಗಾಢವಾಗಿತ್ತು. ಮೇಷ್ಟ್ರು ಮೀಟರ್ ಚುಚ್ಚಿ ನೋಡಿ, ನಂಬದೆ ಇನ್ನೊಂದು ಕಡೆ ಚುಚ್ಚಿ ನೋಡಿ, ಕೈ ಚಾಚಿ ನನ್ನ ಕೈ ಕುಲುಕಿದ. ಜೀವಮಾನದಲ್ಲಿ ಯಾರೂ ನನ್ನ ಕೈ ಕುಲುಕಿರಲಿಲ್ಲ.

ಸೀಳಿದ ನಿಲುವು ಅಭ್ಯಾಸದ ಮರವಾಯಿತು. ಅದರ ಮೇಲೆ ಕೊರೆದ ಮೊದಲ ಗಿಣಿ ಕೋಳಿಯಂತಿತ್ತು. ಎರಡನೆಯದರ ಕೊಕ್ಕು ಹಾರಿಹೋಯಿತು. ಹಲಸಿನ ಎಳೆ ಅಡ್ಡಾದಿಡ್ಡಿ, ಮೊನೆ ವೇಗವಾಗಿ ಓಡಿದರೆ ಚಕ್ಕೆ ಏಳುತ್ತದೆ. ವೇಗ ತಗ್ಗಿಸಿ, ಒಂದೇ ಸಲಕ್ಕೆ ಆಳಕ್ಕೆ ಹೋಗದೆ ಪದರ ಪದರವಾಗಿ ಕೊರೆಯುವಂತೆ ಕಂಪ್ಯೂಟರಿನಲ್ಲಿ ಬದಲಿಸಿದೆ. ಹೊರಗಿನ ಹೆಂಗಸರು ಸ್ಟಿಕ್ಕರ್ ಬಿಟ್ಟು ಬಂದು ನಿಂತು, ಇದಕ್ಕೆ ಬಾಲ ಉದ್ದವಾಯಿತು, ಅದಕ್ಕೆ ಕಣ್ಣಿಲ್ಲ ಎಂದು ತಕರಾರು ತೆಗೆಯುತ್ತಿದ್ದರು. ಟೈಲರ್ ಹುಡುಗಿ ರವಿಕೆಯ ಕಸೂತಿಗೆ ತಾನು ಹಾಕುವ ಗಿಣಿಯನ್ನು ಬರೆದುಕೊಟ್ಟಳು. ಕೊನೆಗೆ ಅಡ್ಡಪಟ್ಟಿಯ ಮೇಲೆ ಕೂತದ್ದು ಅದೇ.

ನಿಜವಾದ ಅಡ್ಡಪಟ್ಟಿಯ ಮೇಲೆ ಎರಡನೇ ಗಿಣಿಯ ರೆಕ್ಕೆ ಅರ್ಧವಾಗಿದ್ದಾಗ ಕರೆಂಟು ಹೋಯಿತು. ಯಂತ್ರ ನಿಂತಿತು, ಮೂರು ಸೊನ್ನೆಯನ್ನೂ ಮರೆಯಿತು. ಕರೆಂಟು ಬಂದ ಮೇಲೆ ಕಣ್ಣಂದಾಜಿನಲ್ಲಿ ಶುರುಮಾಡಿದರೆ ಗಿಣಿಗೆ ಎರಡು ರೆಕ್ಕೆಯ ಬದಲು ಒಂದೂವರೆ ಆಗುತ್ತಿತ್ತು. ಆದರೆ ಹುಣಸೂರಿನ ಕರೆಂಟಿನ ಗುಣ ನನಗೆ ಗೊತ್ತಿಲ್ಲವೇ? ಶುರುವಿನಲ್ಲೇ, ಆಮೇಲೆ ಕೊಯ್ದು ಬಿಸಾಕುವ ತುದಿಯಲ್ಲಿ ಒಂದು ಸಣ್ಣ ತೂತು ಕೊರೆದು ಅದನ್ನೇ ಸೊನ್ನೆ ಮಾಡಿಕೊಂಡಿದ್ದೆ. ಮೊನೆಯನ್ನು ಮತ್ತೆ ಅದೇ ತೂತಿಗೆ ಇಳಿಸಿ, ಕಾಗದ ಹಿಡಿದು ಎತ್ತರ ನೋಡಿ, ಗುಂಡಿ ಒತ್ತಿದೆ. ಮೊನೆ ಬಿಟ್ಟಲ್ಲಿಗೇ ಹೋಗಿ ಕೂತಿತು.

ಇನ್ನು ಉಳಿದದ್ದು ಜೋಡಣೆ. ಎರಡೂ ನಿಲುವಿನ ತುದಿಯ ನಾಲಗೆ ಕೆಳಗೆ ಹೊಸ್ತಿಲಿನ, ಮೇಲೆ ಅಡ್ಡಪಟ್ಟಿಯ ಗೂಡಿಗೆ ಕೂರಬೇಕು. ತಿರುಗುವ ಮೊನೆ ಎಷ್ಟೇ ಸಣ್ಣದಿದ್ದರೂ ಗೂಡಿನ ಮೂಲೆಯನ್ನು ಗುಂಡಾಗಿಯೇ ಬಿಡುತ್ತದೆ. ಚೌಕ ಮಾಡುವುದಕ್ಕೆ ಉಳಿಯೇ ಬೇಕು. ಟ್ರಸ್ಟಿನವರು ಕೈಕೆಲಸ ಕಲಿಸಲು ಹುಣಸೂರಿನ ಒಬ್ಬ ಸಾಬರನ್ನು ಇಟ್ಟುಕೊಂಡಿದ್ದರು, ಕುರ್ಚಿ ಮಂಚಗಳಿಗೆ ಕೆತ್ತನೆ ಮಾಡುವ ಮನೆತನದವರು. ನಾವು ಭಾಯ್ ಎನ್ನುತ್ತಿದ್ದೆವು. ಅವರು ಒಂದು ಮೂಲೆ ಮಾಡಿ ತೋರಿಸಿ, ಉಳಿಯನ್ನು ನನ್ನ ಕೈಗೆ ಕೊಟ್ಟು, ಬೀಡಿ ಸೇದಲು ಹೊರಗೆ ಹೋದರು. ಬಂದು ನೋಡಿ, “ಅರೆ ತಂಗಿ, ಮೂಲೆ ಮಾಡು ಅಂದ್ರೆ ಬಾವಿ ತೋಡಿದೀಯಲ್ಲ” ಎಂದರು. ಉಳಿ ಹಿಡಿಯುವ ಓರೆ ತಿದ್ದಿದರು, ಕೊಡತಿಯ ಪೆಟ್ಟು ಹಗುರ ಮಾಡಿಸಿದರು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗುವ ಹೊತ್ತಿಗೆ ನಾಲ್ಕು ಗೂಡೂ ಚೌಕವಾಗಿದ್ದವು. ನಾಲಗೆ ಗೂಡಿಗೆ ಗುಮ್ಮೆಂದು ಕೂತಾಗ ಭಾಯ್ ತಲೆಯಾಡಿಸಿದರು.

ನಾವು ವಾಡವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಮ್ಯಾನೇಜರ್ ಬಂದು ಮಟ್ಟಗೋಲು ಇಟ್ಟು ನೋಡಿದರು, ಓರೆಗಣ್ಣಿನಿಂದ ನೋಡಿದರು, ಗಿಣಿಯ ಮೇಲೆ ಬೆರಳಾಡಿಸಿದರು. “ಸರಿ, ಮಾತು ಮಾತೇ. ಹೆಂಗಸರ ಬ್ಯಾಚಿಗೆ ರೂಟರ್ ಶುರು ಮಾಡೋಣ” ಎಂದರು. ಕಿಟಕಿ ಪಕ್ಕದಿಂದ ಒಂದು ಕೂಗು ಎದ್ದಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರಿಗೆ ಸಿಹಿ ತಂದು ಕೊಡುತ್ತಿದ್ದೆ.

“ಒಂದೇ ಒಂದು ವಿಷಯ” ಎಂದು ದನಿ ತಗ್ಗಿಸಿದರು. “ಬಾಗಿಲು ಇಡೋ ಶಾಸ್ತ್ರದಲ್ಲಿ ಮಾಡ್ದೋರನ್ನ ಮಣೆ ಮೇಲೆ ಕೂರಿಸಿ, ಪಂಚೆ, ಶಲ್ಯ, ಅಕ್ಕಿ ಬೆಲ್ಲದ ಪಡಿ ಎಲ್ಲ ಕೊಟ್ಟು ಮರ್ಯಾದೆ ಮಾಡ್ತಾರೆ. ಅಲ್ಲಿ ಭಾಯ್ ಕೂತ್ಕೊಳ್ಳಲಿ. ಶುಭಕಾರ್ಯ, ಅವರಿಗೆ ಹೆಂಗಸು ಮಾಡಿದ್ದು ಅಂತ ಗೊತ್ತಿಲ್ಲ. ಸುಮ್ನೆ ಯಾಕೆ ಗಲಾಟೆ?”

ಮನೆ ಯಜಮಾನರು ನಡುವೆ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು. ಶರಟು ಹಾಕಿಕೊಂಡು ಮರದ ಪುಡಿ ಗುಡಿಸುತ್ತಿದ್ದ ನನ್ನನ್ನು ಕಸ ಗುಡಿಸುವವಳೆಂದೇ ತಿಳಿದಿದ್ದರು. ಅದಕ್ಕೆ ನಾನು ಬೇಜಾರು ಮಾಡಿಕೊಂಡಿರಲಿಲ್ಲ. ಮ್ಯಾನೇಜರ ಈ ಮಾತಿಗೆ ಮಾತ್ರ ಸಿಟ್ಟು ಬಂತು. ಯಾರು ಮಾಡಿದ್ದು ಎಂಬುದೇ ಊರಿಗೆ ಗೊತ್ತಾಗದಿದ್ದರೆ ನಾಳೆ ಬಾಗಿಲು ಮಾಡಿಸಬೇಕೆನ್ನುವವರು ಭಾಯ್‌ ಅವರನ್ನೇ ಕೇಳಿಕೊಂಡು ಬರುತ್ತಾರೆ, ನಮ್ಮ ಹತ್ತಿರ ಸ್ಟಿಕ್ಕರ್ ಕೇಳುತ್ತಾರೆ. ಹೆಂಗಸರ ಬ್ಯಾಚಿಗೆ ಯಂತ್ರ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು.

“ನಾನೇ ಕೂರೋದು” ಎಂದೆ.

“ಅವರು ಒಪ್ಪಲ್ಲ.”

“ಕೇಳಿದ್ದೀರಾ?”

“ಕೇಳೋದೇನಮ್ಮ ಅದರಲ್ಲಿ?”

“ಹಂಗಾದ್ರೆ ನಾನು ಕೇಳ್ತೀನಿ ಬಿಡಿ.”

ಶಾಸ್ತ್ರದ ದಿನ ಬೆಳಿಗ್ಗೆ ಗಂಡನ ಆಟೋದಲ್ಲಿ ವಾಡವನ್ನು ಬಿಡಿಬಿಡಿಯಾಗಿ ರಾವಂದೂರಿನ ಕಡೆಗೆ ಒಯ್ದೆವು. ಬೇಕೆಂದೇ ರೇಷ್ಮೆ ಸೀರೆ ಉಟ್ಟಿದ್ದೆ. ದಾರಿಯಲ್ಲಿ ಗಂಡ, “ಲೇ, ಓಗಿ ಜಗಳ ಮಾಡ್ಬ್ಯಾಡ ಕಣಮ್ಮಿ, ನಾಕ್ ಜನದ್ ಮುಂದೆ” ಎಂದರು. ಸ್ವಲ್ಪ ದೂರ ಹೋದ ಮೇಲೆ ಅವರೇ, “ಮಾಡುದ್ರೆ ಸರ್ಯಾಗ್ ಮಾಡು” ಎಂದರು.

ಅರ್ಧ ಎದ್ದ ಗೋಡೆಯ ಮುಂದೆ ನೆಂಟರು, ಊರಿನವರು ಸೇರಿದ್ದರು. ನಾನೂ ಭಾಯೂ ನೆಲದ ಮೇಲೆ ವಾಡ ಜೋಡಿಸಿದೆವು. ನಾನು ಕೊಡತಿ ಹೊಡೆಯುವುದನ್ನು ಕೆಲವರು ವಿಚಿತ್ರವಾಗಿ ನೋಡಿದರು, ಕೈಯಾಳು ಇರಬೇಕೆಂದು ಸುಮ್ಮನಾದರು. ಮುತ್ತೈದೆಯರು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದರು. ಪುರೋಹಿತರು, “ಬಾಗಿಲು ಮಾಡಿದವರು ಬನ್ನಿ” ಎಂದು ಮಣೆ ತೋರಿಸಿದರು. ಮ್ಯಾನೇಜರ್ ಭಾಯ್‌ಗೆ ಕಣ್ಸನ್ನೆ ಮಾಡಿದರು. ಭಾಯ್ ಕೈಗೆ ಮೆತ್ತಿದ್ದ ಪುಡಿ ಕೊಡವುತ್ತ ನಿಂತೇ ಇದ್ದರು. “ನಾ ಮೂಲೆ ಕಲಿಸ್ದೆ ಅಷ್ಟೇ ಸಾಬ್. ಕೆಲಸ ಇವರ್ದು.”

ನಾನು ಹೋಗಿ ಮಣೆಯ ಮೇಲೆ ಕೂತೆ.

ಗುಸುಗುಸು ಎದ್ದಿತು. ಯಜಮಾನರು ಬಗ್ಗಿ, ಮೆಲ್ಲಗೆ, ತಿಳಿಯದವಳಿಗೆ ತಿಳಿಹೇಳುವಂತೆ ಹೇಳಿದರು: “ಅಮ್ಮ, ಅದು ಬಾಗ್ಲು ಮಾಡ್ದೋರ್ಗೆ ಆಕಿರೋ ಮಣೆ.”

“ಗೊತ್ತು. ಅದಕ್ಕೇ ಕೂತಿದೀನಿ.”

ಅವರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರ್ ನೆಲ ನೋಡಿದರು. ಹಿಂದಿನಿಂದ ಯಾರೋ, “ಎಂಗಸ್ರು ಮಾಡಿದ್ ಮುಂಬಾಗ್ಲಾ? ಎಲ್ಲಾರ ಉಂಟಾ ಇದು?” ಎಂದರು. ನಾನು ಯಜಮಾನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ: “ಮರ ನಿಮ್ದು ಯಜಮಾನ್ರೆ. ಕೆಲಸ ನಂದು. ಬ್ಯಾಡ ಅನ್ನೋದಾದ್ರೆ ಬ್ಯಾಡ ಅಂದ್ಬುಡಿ, ಬೇಜಾರಿಲ್ಲ, ಎದ್ದು ಹೋಯ್ತೀನಿ. ನಾ ಮಾಡಿರೋ ಬಾಗ್ಲುನ್ನ ಇನ್ನೊಬ್ರು ಹೆಸ್ರಲ್ಲಿ ಮಾತ್ರ ಇಡಬ್ಯಾಡಿ.”

ಯಜಮಾನರ ತಾಯಿ, ಬೆನ್ನು ಬಾಗಿದ ಅಜ್ಜಿ, ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ನಿಲುವಿನ ಬುಡವನ್ನು ಬೆರಳಿಂದ ಕೆರೆದು ನೋಡುತ್ತಿತ್ತು. “ಓದ್ ವರ್ಸ ಬಿದ್ದ ಮರ ಕಣವ್ವ ಇದು. ಒಂದು ಸೀಳಿಲ್ಲ. ಇಷ್ಟ್ ಬ್ಯಾಗ ಎಂಗೆ ಒಣಗ್ಸುದೆ?”

“ನಮ್ ಬ್ಯಾರನ್ನಲ್ಲಿ ಅಜ್ಜಿ.”

ಅಲ್ಲಿದ್ದ ಊರಿನವರಲ್ಲಿ ಹೊಗೆಸೊಪ್ಪು ಬೆಳೆಯದವರು ಪುರೋಹಿತರೊಬ್ಬರೇ ಇರಬೇಕು. ಗುಂಪು ನನ್ನ ಸುತ್ತ ಮುತ್ತಿಕೊಂಡಿತು. ಬ್ಯಾರನ್ನಿಗೆ ಮರವಾ? ಎಷ್ಟು ಉರಿ ಕೊಟ್ಟೆ? ಕಿಂಡಿ ತೆಗೆದಿದ್ಯಾ, ಮುಚ್ಚಿದ್ಯಾ? ಗೋಣಿ ಎಷ್ಟು ದಿನ ಇಟ್ಟೆ? ಸೌದೆ ಹಾಕಿದ್ಯಾ? ಎಂಗಸ್ರು ಮಾಡಿದ್ದಾ ಎಂದು ಕೇಳಿದ್ದ ಅದೇ ದನಿಯವರು ಮುಂದೆ ಬಂದು, ನೂರಾ ಅರವತ್ತರಲ್ಲಿ ಯಾಕೆ ಸೀಳಿತು ಎಂದು ಎರಡು ಸಲ ಕೇಳಿ ತಿಳಿದುಕೊಂಡರು. ಸೀಳಿದ್ದನ್ನೂ ನಾನೇ ಹೇಳಿದ್ದೆ. ಕೇಳಿದ್ದಕ್ಕೆಲ್ಲ ಉತ್ತರ ನನ್ನ ಹತ್ತಿರವಿತ್ತು, ಮ್ಯಾನೇಜರ ಹತ್ತಿರ ಇರಲಿಲ್ಲ. ಇನ್ನೊಬ್ಬರು, “ನಮ್ದೂ ಪಾಯ ಆಗದೆ ಕಣವ್ವ. ಬೀಟೆ ಮರ ಮಡಗಿವ್ನಿ. ಯಾವಾಗ್ ತರಾನ?” ಎಂದರು.

ಪುರೋಹಿತರು ಗಡಿಯಾರ ನೋಡಿಕೊಂಡು ಕೆಮ್ಮಿದರು. ಅಜ್ಜಿ ಮಗನ ಕಡೆ ತಿರುಗಿ ರೇಗಿತು. “ಏನ್ಲಾ ನೋಡ್ತಾ ನಿಂತಿದೀಯೆ? ಒತ್ತು ಮೀರ್ತಾ ಅದೆ. ತಟ್ಟೆ ತತ್ತಾ.”

ತಟ್ಟೆ ಬಂತು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ಜರಿಯಂಚಿನ ಪಂಚೆ, ಶಲ್ಯ. ಯಜಮಾನರು ಪಂಚೆ ಹಿಡಿದು ಏನು ಮಾಡುವುದೆಂದು ತೋಚದೆ ನಿಂತರು. “ಪಂಚೆ ಅವರ್ಗೆ ಕೊಡಿ, ಉಟ್ಕತಾರೆ” ಎಂದು ಗಂಡನ ಕಡೆ ತೋರಿಸಿದೆ. “ಶಲ್ಯ ನಂಗೆ ಹಾಕಿ.” ಯಜಮಾನರ ಹೆಂಡತಿ ನಗುತ್ತ ಶಲ್ಯ ತೆಗೆದುಕೊಂಡು ನನ್ನ ಹೆಗಲಿಗೆ ಹೊದಿಸಿದರು.

ಆಮೇಲೆ ಪುರೋಹಿತರು ಎಂದಿನಂತೆ, “ಮನೆಯ ದಂಪತಿಗಳು ಬಾಗಿಲು ಮಾಡಿದವರ ಕಾಲಿಗೆ ನಮಸ್ಕಾರ ಮಾಡಿ” ಎಂದರು. ಹೇಳಿದ ಮೇಲೆ ಅವರಿಗೇ ಹೊಳೆದಿರಬೇಕು, ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಯಜಮಾನರಿಗೆ ನನ್ನ ತಂದೆಯ ವಯಸ್ಸು. ಅವರು ಹೆಗಲ ಟವೆಲ್ಲನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಹೆಂಡತಿಯ ಜೊತೆ ಬಗ್ಗಿದರು. ದೊಡ್ಡವರು ಬಗ್ಗಿದರೆ ಹಿಂದಕ್ಕೆ ಸರಿಯಬೇಕೆಂದು ಹುಟ್ಟಿದಾಗಿನಿಂದ ಕಲಿತ ಕಾಲು ತಾನಾಗಿ ಒಳಕ್ಕೆ ಸರಿಯಲು ಹೊರಟಿತು. ನಾನು ಎಳೆದುಕೊಳ್ಳಲಿಲ್ಲ. ಅಕ್ಷತೆ ತೆಗೆದುಕೊಂಡು ಇಬ್ಬರ ತಲೆಯ ಮೇಲೂ ಹಾಕಿದೆ.